ಹೊತ್ತು ಕೇಳುವ ಒಲೆ

ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ,
ಒಳಗೆ ಕೈಯಿಟ್ಟರೆ ಮಾತ್ರ ಬಾವಿಯ ತಂಪು.
ಮೂರು ದಿನದಿಂದ ಹೀಗೇ, ಅಂದರು ಸರ್ವಮಂಗಳ ಟೀಚರು
ಸಾಲಗಾಮೆ ರಸ್ತೆಯ ತಮ್ಮ ಅಡುಗೆಮನೆಯಲ್ಲಿ
ಗೋಡೆ ಕೊರೆದು ಕೂರಿಸಿದ ಕರೆಂಟಿನ ಒಲೆಯ ಮುಂದೆ,
ಪೆದ್ದು ಹುಡುಗನನ್ನು ಹೆಡ್ಮಾಸ್ತರರ ಎದುರು ನಿಲ್ಲಿಸಿದವರಂತೆ.

ಮೊದಲು ಬಂದವನು ಬಾಗಿಲನ್ನೂ ತೆರೆಯದೆ
ಬೋರ್ಡು ಹೋಗಿದೆ, ಹನ್ನೊಂದು ಸಾವಿರ ಅಂದನಂತೆ.
ಇನ್ನಾಸಪ್ಪ ಮಾವ ನಗಲಿಲ್ಲ. ಮಾವನಿಗೆ ನಗು ಬರುವುದು
ರಿಪೇರಿ ಮುಗಿದ ಮೇಲೆ.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಅಂಗಡಿಗೆ
ನಾನು ಸೇರಿದ ದಿನ ಕಲಿಸಿದ್ದು ಒಂದೇ:
ಮೀಟರಿಗಿಂತ ಮೊದಲು ಮೂಗು.
"ಸುಟ್ಟ ವಾಸನೆ ಇದೆಯೇನೆ ಜೆಸಿಂತಾ?"
ಇಲ್ಲ. ಏಲಕ್ಕಿ, ವೆನಿಲ್ಲಾ, ಹಳೇ ಬೆಣ್ಣೆ.

ಮೇನು ಇಳಿಸಿ, ಟೆಸ್ಟರಿಟ್ಟು ನೋಡಿ, ಮತ್ತೊಮ್ಮೆ ನೋಡಿ
(ಕರೆಂಟಿಗೆ ನೆಂಟಸ್ತಿಕೆ ಗೊತ್ತಿಲ್ಲ, ಅದೂ ಮಾವನ ಮಾತೇ)
ನಾಲ್ಕು ಸ್ಕ್ರೂ ಬಿಚ್ಚಿ ಎಳೆದೆವು.
ನರಳುತ್ತ ಹೊರಬಂತು, ಸಂತೆಗೆ ಹೊರಟ ಮೊಂಡು ಎಮ್ಮೆ.
ಬೆನ್ನ ಹಿಂದೆ ಹಲ್ಲಿಯ ಎರಡು ಮೊಟ್ಟೆ,
ಮೇಸ್ತ್ರಿ ಮರೆತ ಪೆನ್ಸಿಲು, ಒಂದು ಒಣದ್ರಾಕ್ಷಿ,
ಯಾವ ಮಗುವಿನದೋ, ಮೂರು ಎಂದು ಬರೆದ ಮೇಣದಬತ್ತಿ.

ತಳದ ಕಾಯಿಲು: ಇಪ್ಪತ್ತಾರು ಓಮ್. ಬದುಕಿದೆ.
ನೆತ್ತಿಯದು: ಅದೂ ಬದುಕಿದೆ.
ಬಿಸಿಯಳೆಯುವ ಕಡ್ಡಿ, ನನಗಿಷ್ಟ ಅದೇ,
ಪೆನ್ನಿನ ರೀಫಿಲ್ಲಿನಷ್ಟು ದಪ್ಪ;
ಬಿಸಿಯೇರಿದಷ್ಟೂ ಕರೆಂಟಿಗೆ ದಾರಿ ಬಿಡಲು ಹಿಂಜರಿಯುತ್ತದೆ,
ಆ ಹಿಂಜರಿಕೆಯ ಲೆಕ್ಕವೇ ಡಿಗ್ರಿ.
ಸಾವಿರದ ಎಂಬತ್ತು. ಅಂದರೆ ಇಪ್ಪತ್ತರ ಆಸುಪಾಸು.
ಡಿಸೆಂಬರಿನ ಬೆಳಗ್ಗೆ ಏಳೂವರೆಗೆ ಹಾಸನ ಎಷ್ಟು ತಣ್ಣಗಿದೆಯೆಂದು
ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ ನನಗೆ.

ಎಲ್ಲ ಸರಿ. ಆದರೂ ತಣ್ಣಗೆ.
ಮಾವ ನೆಲಕ್ಕೆ ಕೂತು ಬೀಡಿಗೆ ಜೇಬು ತಡಕಿ
ಟೀಚರ ಮುಖ ನೋಡಿ ಸುಮ್ಮನಾದ.
ಎಮ್ಮೆಯನ್ನು ಮತ್ತೆ ಕೊಟ್ಟಿಗೆಗೆ ತಳ್ಳಿದೆವು. ಮೇನು ಏರಿಸಿದೆ.
ಆಗ ಕಂಡಿತು: ಹಣೆಯ ಮೇಲೆ ನಾಲ್ಕು ಹಸಿರು ಸೊನ್ನೆ,
ಹತ್ತುತ್ತ, ಆರುತ್ತ.

"ಇದು ಯಾವಾಗಿಂದ ಹೀಗೆ ಕಣ್ಣು ಮಿಟುಕಿಸ್ತಿದೆ ಟೀಚರ್?"
"ಅದಾ? ಮಂಗಳವಾರ ಕರೆಂಟು ಹೋಗಿ ಬಂತಲ್ಲ, ಅವತ್ತಿಂದ.
ಗಡಿಯಾರ ತಾನೆ. ಗೋಡೆ ಮೇಲೆ ಇದೆಯಲ್ಲ ಬೇರೆ."

ಹೊತ್ತು ಗೊತ್ತಿಲ್ಲದೆ ಹೊತ್ತುವುದಿಲ್ಲ ಈ ಜಾತಿಯ ಒಲೆ.
ಶೆಟ್ಟಿಹಳ್ಳಿಯಲ್ಲಿ ನಮ್ಮಜ್ಜಿಯ ಒಲೆ ಹೊತ್ತಿದ ಮೇಲೇ
ಮನೆಗೆ ಹೊತ್ತು ಹುಟ್ಟುತ್ತಿತ್ತು.
ಇದಕ್ಕೆ ಮೊದಲು ಗಂಟೆ ಹೇಳಬೇಕು, ಆಮೇಲೆ ಕೆಲಸ.
ಮೂರು ದಿನ ಟೀಚರು ಬಿಸಿಯಾಗು ಅಂದಿದ್ದಾರೆ,
ಮೂರು ದಿನ ಅದು ಎಷ್ಟು ಗಂಟೆ ಅಂದಿದೆ.

ಎರಡು ಗುಂಡಿ ಒಟ್ಟಿಗೆ ಒತ್ತಿದೆ. ಮೊಬೈಲಿನಲ್ಲಿ ಎಂಟೂ ಹತ್ತು.
"ಇಲ್ಲ, ಎಂಟೂ ಇಪ್ಪತ್ತು ಇಡು," ಅಂದರು.
ದುದ್ದದ ಬಸ್ಸು ತಪ್ಪಬಾರದೆಂದು ಮೂವತ್ತು ವರ್ಷ
ಹತ್ತು ನಿಮಿಷ ಮುಂದೋಡಿದ ಮನೆಯಂತೆ ಅದು;
ರಿಟೈರಾಗಿ ಆರು ವರ್ಷ, ಗಡಿಯಾರಕ್ಕಿನ್ನೂ ಆರ್ಡರು ಬಂದಿಲ್ಲ.

ಸುಳ್ಳನ್ನೇ ಇಟ್ಟೆ. ಟಕ್.
ಒಳಗೆಲ್ಲೋ ರಿಲೇ ಬಿತ್ತು. ನೋಡುನೋಡುತ್ತ
ನೆತ್ತಿಯ ಕಾಯಿಲು ಕುಂಕುಮದ ಗೆರೆ.
ಸರಿಯಾದ ಹೊತ್ತೇ ಬೇಕೆಂದಿರಲಿಲ್ಲ ಅದಕ್ಕೆ,
ಯಾರಾದರೂ ಒಂದು ಹೇಳಿದ್ದರೆ ಸಾಕಿತ್ತು.

ಮಾವ ಈಗ ನಕ್ಕ. ಗುಂಡಿ ಒತ್ತಿದ್ದಕ್ಕೆ ದುಡ್ಡಿಲ್ಲ ಟೀಚರ್,
ಎಮ್ಮೆ ಎಳೆದದ್ದಕ್ಕೆ ನೂರೈವತ್ತು.
ಮೇಣದಬತ್ತಿಯನ್ನು ಅವರು ಸೆರಗಿನಲ್ಲಿ ಒರೆಸಿ
ಸಕ್ಕರೆ ಡಬ್ಬದ ಪಕ್ಕ ಇಟ್ಟರು.

ಗೇಟು ದಾಟುವಷ್ಟರಲ್ಲಿ ಬೀದಿಯ ಮಿಕ್ಸಿಗಳೆಲ್ಲ
ಒಂದೇ ಉಸಿರಿಗೆ ಸುಮ್ಮನಾದವು.
ಮಾವ ತಿರುಗಿ ನಿಂತ, ಚೀಲ ಇಳಿಸಲೋ ಎಂಬಂತೆ.
ಕಿಟಕಿಯಿಂದ ಕ್ಲಾಸಿನ ದನಿ:
"ಹೋಗ್ರಿ ನೀವು. ಬರಲಿ ಅದು.
ನಾನೇ ಹೇಳ್ಕೊಡ್ತೀನಿ."