ಬಳೆಗೆ ನಡು ಇಲ್ಲ

ಶಹಾಬಾದಿನ ಆ ಶಾಲೆಯ ನೆಲ, ಮೆಟ್ಟಿಲು,
ನಳದ ಸುತ್ತಲಿನ ಕಟ್ಟೆ,
ಎಲ್ಲ ನಮ್ಮಪ್ಪ ಕೆಲಸಕ್ಕಿದ್ದ ಖಣಿಯ ಫರಸಿ.
ಡಿಸೆಂಬರಿನಲ್ಲಿ ಅಂಗಾಲಿಗೆ ನೀರು,
ಏಪ್ರಿಲಿನಲ್ಲಿ ರೊಟ್ಟಿಯ ಹಂಚು.

ಮಂಗಳವಾರ ಮೂರನೆಯ ಗಂಟೆ ಬಾರಿಸಿದರೆ
ಏಳನೆಯ ಕ್ಲಾಸು ಎರಡಾಗುತ್ತಿತ್ತು.
ಚರ್ಚಿನವರು ಒಂಬತ್ತು ಮಂದಿ, ನೀಲಿ ಪುಸ್ತಕ ಹಿಡಿದು,
ಧರ್ಮೋಪದೇಶಕ್ಕೆ ಪಕ್ಕದ ಕೋಣೆಗೆ.
ಉಳಿದ ಮೂವತ್ತೆಂಟು ನಮಗೆ ನೀತಿಪಾಠ.
ನೀತಿ ಹೇಳಲು ಬರುತ್ತಿದ್ದವರು ಡ್ರಿಲ್ ಮೇಷ್ಟ್ರು.
'ಓದ್ಕೋರಿ' ಎಂದು ಕುರ್ಚಿಗೊರಗಿದರೆ
ಗಂಟೆ ಬಾರಿಸುವ ತನಕ ಗೊರಕೆ.

ಒಡೆದ ಕಿಟಕಿಯಾಚೆ ಸಿಸ್ಟರ್ ಪ್ರಿಸಿಲ್ಲಾ
ಕರಾವಳಿಯ ಕನ್ನಡದಲ್ಲಿ ಆಜ್ಞೆಗಳನ್ನು ಎಣಿಸುವರು.
'ಜೋರಾಗಿ ಹೇಳಬೇಕು ಮಾರಾಯ್ರೆ, ದೇವರಿಗೆ ಕೇಳುವ ಹಾಗೆ!'
ನಮ್ಮೂರ ಒಂಬತ್ತು ಬಾಯಿ ಅದನ್ನು ತಿರುಗಿ ಒಪ್ಪಿಸುವಾಗ
ಮೋಶೆಯೂ ಗುಲಬರ್ಗಾದವನೇ ಆಗಿಬಿಡುತ್ತಿದ್ದ.

ಅದೇ ಗಂಟೆಯಲ್ಲಿ, ಅವರು ಏಳನೆಯದಕ್ಕೆ ಬಂದಾಗ,
'ಕದಿಯಬೇಡ',
ನನ್ನ ಕೈ ರೀಟಾಳ ಚೀಲದೊಳಗಿತ್ತು.

ಯಾಕೆಂದು ಹೇಳುತ್ತೇನೆ. ನೆಪ ಅಂದರೂ ಸರಿ.
ಗಣಿತದ ವಹಿಯಲ್ಲಿ ನಾನು ವೃತ್ತ ಬರೆಯುತ್ತಿದ್ದುದು
ಅವ್ವನ ಬಳೆ ಇಟ್ಟು. ದುಂಡಗೇ ಬರುತ್ತಿತ್ತು.
ಸಣ್ಣದು ಬೇಕಾದರೆ ತಂಗಿಯ ಬಳೆ,
ಇನ್ನೂ ಸಣ್ಣದಕ್ಕೆ ಎಂಟಾಣೆ.
ಆದರೆ ಕೇಂದ್ರ ಎಲ್ಲಿ ಎಂದು ಟೀಚರು
ಕೆಂಪು ಶಾಯಿಯಲ್ಲಿ ಕೇಳಿದರೆ,
ಬಳೆಗೆಲ್ಲಿಯ ನಡು?
ಅಂದಾಜಿಗೆ ಇಟ್ಟ ಚುಕ್ಕೆಯಿಂದ
ಒಂದೊಂದು ತ್ರಿಜ್ಯ ಒಂದೊಂದು ಉದ್ದ.

ರೀಟಾಳ ಅಪ್ಪ ಶೌರಪ್ಪ, ರೈಲ್ವೆಯ ಕೀಮ್ಯಾನ್,
ವಾಡಿಯಿಂದ ತಂದುಕೊಟ್ಟಿದ್ದ ಕೈವಾರ ಅದು,
ಹಿತ್ತಾಳೆ ತಿರುಪಿನದು.

ಹನ್ನೆರಡು ದಿನ ಇಟ್ಟುಕೊಂಡೆ.
ಜೋಳದ ಡಬ್ಬಿಯಲ್ಲಿ ಹೂತು, ರಾತ್ರಿ ಹೊರತೆಗೆದು,
ಹಾಳೆ ತುಂಬ ವೃತ್ತ,
ಪ್ರತಿಯೊಂದರ ನಡುವೆ ಸೂಜಿಮೊನೆಯ ತೂತು.
ಹಾಳೆ ತಿರುವಿದರೆ ಕೆಳಗಿನದರಲ್ಲೂ ತೂತು,
ಅದರ ಕೆಳಗಿನದರಲ್ಲೂ,
ಇನ್ನೂ ಕಲಿಸದ ಪಾಠಕ್ಕೆಂದು ಬಿಟ್ಟ ಹಾಳೆಗಳಲ್ಲೂ.

ಶನಿವಾರ ಚರ್ಚಿನಲ್ಲಿ ಪಾಪನಿವೇದನೆ.
ಸಾಲಿನ ಕೊನೆಗೆ ನಿಂತೆ.
ಮುಂದಿನವಳು ಮೊಣಕಾಲೂರಿದ್ದು ನೋಡಿ ಊರಿದೆ.
ಜಾಲರಿಯಾಚೆ ಫಾದರ್ ಇನ್ನಾಸಪ್ಪ ಕೆಮ್ಮಿದರು, ಕಾದರು.
ಹೇಳಬೇಕಾದ ಮೊದಲ ಸಾಲು ನನಗೆ ಬರಲಿಲ್ಲ.
'ಯಾರವಾ ನೀ? ನಮ್ಮ ಸಭೆದಾಕಿ ಏನು?'
'ಅಲ್ರಿ ಫಾದರ್. ಆದ್ರ ಕದ್ದೀನಿ, ಖರೇ.'

ಬಹಳ ಹೊತ್ತು ಫ್ಯಾನಿನ ಸದ್ದೊಂದೇ.
ನಕ್ಕರೋ ಏನೋ, ಜಾಲರಿ ಕತ್ತಲು.
'ನಿನಗ ಕೊಡೋ ಮಾಫಿ ನನ್ನ ಕಡಿ ಇಲ್ಲವಾ.
ಯಾರದು ತಗೊಂಡಿ, ಅವರ ಕಡಿ ಅದ. ಹೋಗಿ ಕೇಳು.
ಅವರು ಕೊಡದಿದ್ರೂ ನೀ ವಸ್ತು ಕೊಟ್ಟು ಬಾ.'

ಸೋಮವಾರ, ನಳದ ಹತ್ತಿರ, ಕೊಟ್ಟೆ.
ರೀಟಾ ತಿರುಪು ಸಡಿಲಿಸಿ ನೋಡಿದಳು, ಬಿಗಿಸಿ ನೋಡಿದಳು.
'ನಂಗ ಗೊತ್ತಿತ್ತು ಜಗದೇವಿ.
ಹೋದ ವಾರ ನಿನಗ ಹತ್ತಕ್ಕ ಹತ್ತು ಬಂದ್ವಲ್ಲ.'
'ಮತ್ತ ಯಾಕ ಹೇಳಲಿಲ್ಲ?'
'ನೀ ಹೇಳ್ತಿ ಏನಂತ ನೋಡ್ಲತ್ತಿದ್ದೆ.'
ಮಾಫಿ ಮಾಡೀನಿ ಅನ್ನಲಿಲ್ಲ. ಆ ವರ್ಷವಿಡೀ ಅನ್ನಲಿಲ್ಲ.
ಬೊಗಸೆಯೊಡ್ಡಿ ನೀರು ಕುಡಿದಳು,
ನಳ ಬಂದ್ ಮಾಡದೆ
ನನಗೆ ಬಿಟ್ಟು ಹೋದಳು.

ಏಪ್ರಿಲಿನ ಅಂಕಪಟ್ಟಿಯಲ್ಲಿ, ಎಲ್ಲರಿಗೂ ಇರುವಂತೆ,
ನಡತೆ: ಉತ್ತಮ.
ಫಾದರ್ ಯಾರಿಗೂ ಹೇಳಿರಲಿಲ್ಲ.

ಅಪ್ಪ ಖಣಿಯಿಂದ ಬಂದವನೇ ಸಹಿ ಮಾಡಿ
ಓದಿ ಹೇಳು ಎಂದ.
ಕನ್ನಡ ಓದಿದೆ, ಹಿಂದಿ ಓದಿದೆ, ಗಣಿತ ಎರಡು ಸಲ ಓದಿದೆ.
'ಕಡೀಗಿ ಇದೇನದ?' ಎಂದು ಬೆರಳಿಟ್ಟ.
ಸುಮ್ಮನಿದ್ದೆ.
ಬೆರಳೆತ್ತಿದಾಗ ಆ ಶಬ್ದದ ಮೇಲೆ
ಫರಸಿ ಧೂಳಿನ ಒಂದು ಬೂದು ಚುಕ್ಕೆ.