ಇಪ್ಪತ್ತು ನಿಮಿಷ

ಮಾಕಿನೊಹಾರ ದಿಣ್ಣೆಯ ಮೇಲೆ ಮಳೆ ಈಗಷ್ಟೇ ಹೊಳವಾಗಿದೆ.
ಚಳಿಗಾಲದ ಹಿಮ ಓಡಿಸುವ ಕಂಬದ ಫ್ಯಾನುಗಳು
ಜೂನಿನಲ್ಲಿ ಕೆಲಸವಿಲ್ಲದೆ ಕತ್ತು ವಾಲಿಸಿ ನಿಂತಿವೆ.
ಎರಡು ಚಹಾ ಸಾಲುಗಳ ನಡುವೆ ಮಂಡಿಯೂರಿ
ನೆಲದ ಮೇಲೊಂದು ಬೋಗುಣಿ ಕವುಚುತ್ತೇನೆ.
ಸೊನ್ನೆ ನಿಮಿಷ. ಸಿರಿಂಜಿನ ತುಂಬ ಗಾಳಿ.

ಒಚಿಯಾಯಿ ಕಿನು ಅಜ್ಜಿ ಸಾಲಿನ ತುದಿಯಿಂದ ಕೇಳುತ್ತಾಳೆ:
"ಮಣ್ಣಿಗೆ ಜ್ವರವೇನೇ? ಸೂಜಿ ಹಿಡಿದು ಬಂದಿದ್ದೀಯ."

ಜ್ವರವಲ್ಲ ಅಜ್ಜಿ, ಊಟ ಹೆಚ್ಚಾಗಿದೆ.
ಮೀನಿನ ಹಿಂಡಿ, ಸಾಸಿವೆ ಹಿಂಡಿ, ಚೀಲದ ಬಿಳಿ ಹರಳು,
ವರ್ಷಕ್ಕೆ ಏಳು ಸಲ,
ಸಾಕು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೂ
ಬೆರಳ ಸಂದಿಯಲ್ಲಿ ಪಾಯಸ ಸುರಿದ ಹಾಗೆ.
ಬೇರು ಉಂಡಷ್ಟು ಉಂಡಿತು.
ಮಿಕ್ಕಿದ್ದು, ನೆನೆದ ಮಣ್ಣೊಳಗೆ
ಗಾಳಿ ಸಿಗದೆ ಒದ್ದಾಡುವ ಕಣ್ಣಿಗೆ ಕಾಣದವುಗಳಿಗೆ.
ಅವು ಗೊಬ್ಬರವನ್ನೇ ಉಸಿರಾಡುತ್ತವೆ.
ಅವು ಬಿಟ್ಟ ಉಸಿರಿಗೆ ಬಣ್ಣವಿಲ್ಲ, ಹೊಗೆಯಿಲ್ಲ.
ಮೇಲೇರಿ ಅಲ್ಲೇ ನೂರು ವರ್ಷ ಕೂತುಬಿಡುತ್ತದೆ,
ಕಂಬಳಿ ಹೊದ್ದು ಬಂದ ನೆಂಟ
ಹೊರಡುವ ಮಾತೇ ಎತ್ತದ ಹಾಗೆ.

ಹತ್ತು ನಿಮಿಷ. ಎರಡನೆಯ ಸೀಸೆ.

"ಅದಕ್ಕೊಂದು ಹೆಸರು?"
ನಗೆ ಅನಿಲ, ಎನ್ನುತ್ತೇನೆ.
ಅಜ್ಜಿ ಬಾಯಿ ತೆರೆದು ಎಡದವಡೆಯ ಖಾಲಿ ಜಾಗ ತೋರಿಸುತ್ತಾಳೆ.
"ಶಿಮಾದಾದ ಹಲ್ಲಿನ ಡಾಕ್ಟರು ಮೂಗಿಗೆ ಹಿಡಿದದ್ದು ಅದೇ.
ಹಲ್ಲು ಹೋಗುತ್ತಿತ್ತು, ನಾನು ನಗುತ್ತಿದ್ದೆ.
ಯಾಕೆ ನಕ್ಕೆನೋ, ಇವತ್ತಿಗೂ ಗೊತ್ತಿಲ್ಲ."

ಕೆಳಗಿನ ಕೆರೆ ನೀಲಿಯಾದ ವರ್ಷ
ಜನ ಬಂದು ಫೋಟೋ ತೆಗೆದರಂತೆ.
ಮೀನಿಲ್ಲ, ಕಪ್ಪೆಯಿಲ್ಲ,
ತಳದ ಕಲ್ಲು ಎಣಿಸಬಹುದಿತ್ತಂತೆ.
ಅವಳ ಗಂಡ ಆಗಲೂ ಇನ್ನೊಂದು ಚೀಲ ಬಿಚ್ಚಿದ.
ಮೊದಲ ಚಿಗುರು ಸಿಹಿಯಾದಷ್ಟೂ ಹರಾಜಿನಲ್ಲಿ ಬೆಲೆ,
ಸಿಹಿಗೆ ಸಾರಜನಕ.
ಲೆಕ್ಕ ಸರಿಯಾಗಿಯೇ ಇತ್ತು,
ಕಾಗದದ ಆ ಮಗ್ಗುಲಲ್ಲಿ.

ಥರ್ಮಾಸಿನಿಂದ ಬಗ್ಗಿಸಿದ ಲೋಟ ನನ್ನ ಕೈಗೆ ಬರುತ್ತದೆ.
ಉಂಡ ಮನೆಯ ಜಂತೆ ಎಣಿಸುವುದೇ ನನ್ನ ಉದ್ಯೋಗ,
ಅದಕ್ಕೆ ಸಂಬಳವೂ ಉಂಟು.
ಮೊದಲು ಕಡಲ ಪಾಚಿಯ ಹಸಿರು ರುಚಿ,
ಆಮೇಲೆ ಸಿಹಿ,
ಗಂಟಲಲ್ಲಿ ತುಸು ಹೊತ್ತು ನಿಂತು, ನೋಡಿಕೊಂಡು ಹೋಗುವ ಸಿಹಿ.
ನನ್ನ ವರದಿಯಲ್ಲಿ ಇದಕ್ಕೆ ಕಾಲಮ್ಮಿಲ್ಲ.

ಇಪ್ಪತ್ತು ನಿಮಿಷ. ಕೊನೆಯ ಸೀಸೆಗೆ ಬಿರಡೆ.
ಬೋಗುಣಿ ಎತ್ತಿದಲ್ಲಿ ಒದ್ದೆ ಮಣ್ಣಿನ ಮೇಲೆ
ಒಂದು ದುಂಡನೆಯ ಗುರುತು.

"ನೀನೇ ಹಗ್ಗ ಕಟ್ಟಿ ಹೋಗಿದ್ದೆಯಲ್ಲ,
ಅರ್ಧ ಗೊಬ್ಬರದ ಸಾಲು, ಪೂರ್ತಿ ಗೊಬ್ಬರದ ಸಾಲು.
ಹೇಳು, ಕುಡಿದದ್ದು ಯಾವುದು?"

ಪೂರ್ತಿಯದು, ಎಂದೆ. ಅನುಮಾನವೇ ಇರಲಿಲ್ಲ.

ಅಜ್ಜಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
ನಕ್ಕಳು, ಎಡದವಡೆ ಕಾಣುವಷ್ಟು.
ಈ ಸಲ ಯಾಕೆಂದು ಅವಳಿಗೆ ಗೊತ್ತಿತ್ತು.