ಕತ್ತರಿ ತಾಗದ ಅಂಚು

ಇಪ್ಪತ್ತೇಳು ವರ್ಷ ಕಿವಿಯಿಂದ ಕಿವಿಗೆ ಅಳೆದವನು ನಾನು.
ಗಲ್ಲ ಸ್ವಲ್ಪ ಕೆಳಗೆ, ಹಾಂ, ನಗಬೇಡಿ,
ನೀಲಿ ಪರದೆ, ಎರಡು ಛತ್ರಿ ದೀಪ,
ಎಂಟು ಪ್ರತಿಗೆ ಅರವತ್ತು ರೂಪಾಯಿ.
ಪಾಂಡವಪುರದ ಅರ್ಧ ಊರಿನ ಭುಜಗಳನ್ನು
ಕತ್ತರಿಸಿ ಬುಟ್ಟಿಗೆ ಹಾಕಿದ್ದೇನೆ.
ಅವರ ಕೈಗಳು ಆಗ ಏನು ಮಾಡುತ್ತಿದ್ದವೋ
ನೋಡಿದವನಲ್ಲ.

ಈಗ ಇದು ಬಂದಿದೆ. ಸೆಕೆಂಡ್ ಹ್ಯಾಂಡು.
ಮೈಸೂರಿನ ಮಂಡಿ ಮೊಹಲ್ಲಾದ ಕಲೀಮುಲ್ಲಾ
ಎರಡು ಚೀಟಿ ದುಡ್ಡು ಎಣಿಸಿಕೊಂಡು
ಉಳಿದದ್ದು ಯುಗಾದಿಗೆ ಕೊಡು ಅಂದ ಫುಲ್ ಫ್ರೇಮು.
ಒಳಗಿನ ಕಣ್ಣು ಕಡ್ಡಿಪೆಟ್ಟಿಗೆಗಿಂತ ಚಿಕ್ಕದು.
ಅದರಲ್ಲಿ ಊರು ಹಿಡಿಯುತ್ತದೆಂದರೆ ಭಾಗೀರಥಿ ನಂಬಲಿಲ್ಲ.
"ಹಳೇದಕ್ಕೇನಾಗಿತ್ತು ದಾಡಿ?"
ಏನೂ ಆಗಿರಲಿಲ್ಲ.
ಅದೇ ಕಷ್ಟ, ಹೇಳೋದು.

ಟ್ರಂಕಿನಲ್ಲಿ ನಶ್ಯದ ಡಬ್ಬಿಯ ಪಕ್ಕ
ಅಪ್ಪನ ಐವತ್ತರ ಲೆನ್ಸು ಮಲಗಿತ್ತು,
ಗಾಜಿನಂಚಿಗೆ ಫಂಗಸ್ಸಿನ ಜೇಡರಬಲೆ.
ರೀಲಿನ ಕಾಲದಲ್ಲಿ ಅದು ಐವತ್ತೇ ಆಗಿತ್ತು.
ಡಿಜಿಟಲ್ ಬಂತು, ಪುಟ್ಟ ಸೆನ್ಸರ್ ಬಂತು,
ಎಪ್ಪತ್ತೈದರಂತೆ ಆಡತೊಡಗಿತು:
ಹಿಂದೆ ಸರಿ, ಇನ್ನೂ ಹಿಂದೆ, ಅನ್ನುತ್ತ
ನನ್ನ ಬೆನ್ನನ್ನು ಗೋಡೆಗೆ ಒತ್ತುತ್ತಿತ್ತು.
ಇವತ್ತು ಬಳೆಯಂಥ ಅಡಾಪ್ಟರ್ ತೊಡಿಸಿ
ತಿರುಗಿಸಿದೆ. ಟಕ್.
ಐವತ್ತು ಮತ್ತೆ ಐವತ್ತಾಯಿತು.
ನನಗೂ ಐವತ್ನಾಲ್ಕು.
ನನಗಾಗುವ ಬಳೆ ಕಲೀಮುಲ್ಲಾನ ಅಂಗಡಿಯಲ್ಲಿಲ್ಲ.

ಎಂಬತ್ತೈದನ್ನು ಭಾಗೀರಥಿಯ ಮೇಲೆ ಪರೀಕ್ಷಿಸಿದೆ.
ಹಿತ್ತಿಲ ಬೆಳಕು, ಮೊರದಲ್ಲಿ ಹುರುಳಿ,
ಪೂರಾ ತೆರೆದೆ, ಒಂದು ಪಾಯಿಂಟ್ ಎಂಟಕ್ಕೆ.
ಬಲಗಣ್ಣಿನ ರೆಪ್ಪೆ ಒಂದೊಂದೂ ಎಣಿಸುವಂತೆ,
ಓಲೆ ಕರಗಿ ಜೇನಹನಿ,
ಹಿಂದಿನ ನುಗ್ಗೆಮರ ಬರೀ ಹಸಿರು ಉಸಿರು.
ಅವಳು ಪರದೆಯನ್ನು ಬಗ್ಗಿ ನೋಡಿದಳು:
"ದುಡ್ಡು ಪೂರ್ತಿ ಕೊಟ್ಟು
ಅರ್ಧ ಮುಖ ಯಾಕ್ರೀ ಮಸುಕು?"

ಎರಡು ದಿನಕ್ಕೆಂದು ಕಡ ತಂದ ಎಪ್ಪತ್ತು-ಇನ್ನೂರು
ಹಸುಗೂಸಿನ ಹಾಗೆ ಎಡಗೈ ತುಂಬಿತು.
ತೊಣ್ಣೂರು ಕೆರೆಯ ಆಚೆ ದಡದಲ್ಲಿ ಯಾರೋ ಒಬ್ಬ
ಬೈಕಿನ ಕನ್ನಡಿಗೆ ಬಾಗಿ ಕ್ರಾಪು ತೀಡುತ್ತಿದ್ದ,
ಬಾಚಣಿಗೆಗೆ ಅಂಟಿದ ನೀರೂ ಕಂಡಿತು.
ಒತ್ತಲಿಲ್ಲ.
ಅಷ್ಟು ದೂರ ನಿಂತು ಅಷ್ಟು ಹತ್ತಿರ ಹೋಗಲು
ಅವನೇನು ಅಪ್ಪಣೆ ಕೊಟ್ಟಿದ್ದನೇ?

ಕೊನೆಗೆ ಇಪ್ಪತ್ನಾಲ್ಕು. ರಾತ್ರಿ.
ಚಿನಕುರಳಿ ದಾರಿಯ ಆಲೆಮನೆ.
ಒಂದೇ ಬಲ್ಬು, ಉಳಿದದ್ದೆಲ್ಲ ಒಲೆಯ ಕರುಣೆ.
ಐಎಸ್ಓ ಆರು ಸಾವಿರದ ನಾನೂರಕ್ಕೆ ಏರಿಸಿದೆ,
ಕತ್ತಲು ಹರಳುಗಟ್ಟಲಿಲ್ಲ, ಪಾಕದಂತೆ ಇಳಿಯಿತು.
ಗೋಡೆ ಬಿದ್ದು ಮನೆ ಅಗಲವಾದಂತೆ
ಎಲ್ಲ ಒಟ್ಟಿಗೆ ಒಳಬಂದವು:
ಕೊಪ್ಪರಿಗೆಯ ನೊರೆ, ರಚ್ಚಿನ ಗುಡ್ಡೆ,
ಗೋಣಿತಾಟಿನ ಮೇಲೆ ಮಲಗಿದ ಹುಡುಗನ ಅಂಗಾಲು,
ಒಂದು ಮೂಲೆಯಲ್ಲಿ ಬೇಡದ ನನ್ನ ಚಪ್ಪಲಿಯ ತುದಿ,
ನಡುವೆ ಪುಟ್ಟಮಾದಯ್ಯ.

ಪಿಂಚಣಿಗೊಮ್ಮೆ, ಬ್ಯಾಂಕಿಗೊಮ್ಮೆ,
ಮಗಳ ಹಾಸ್ಟೆಲ್ ಫಾರಂಗೊಮ್ಮೆ,
ಮೂರು ಸಲ ತೆಗೆದಿದ್ದೇನೆ ಈ ಮುಖವನ್ನು.
ಎಡಗೈಯಲ್ಲಿ ಎರಡು ಬೆರಳಿಲ್ಲವೆಂದು
ಇವತ್ತೇ ಗೊತ್ತಾದದ್ದು.

"ಅದ್ಯಾಕಪ್ಪ ಹಂಗ್ ನೋಡೀಯೆ?
ಗಾಣ ತಿಂದು ಇಪ್ಪತ್ ವರ್ಸಾಯ್ತು.
ತಗೋ, ಬಿಸಿ ಬೆಲ್ಲ."
ಮುತ್ತುಗದ ಎಲೆ ಚಾಚಿದ, ಅದೇ ಕೈಯಲ್ಲಿ.
ಹಬೆಗೆ ಗಾಜು ಮಂಜಾಯಿತು. ಅಂಗಿಯ ಚುಂಗಿನಲ್ಲಿ ಒರೆಸಿದೆ.
ಕಲೀಮುಲ್ಲಾ ನೋಡಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದ.

ಸೋಮವಾರ ಲೆನ್ಸುಗಳು ಮೈಸೂರಿನ ಬಸ್ಸು ಹತ್ತಿದವು.
ಮತ್ತೆ ನೀಲಿ ಪರದೆ. ಗಲ್ಲ ಕೆಳಗೆ. ಎಂಟು ಪ್ರತಿ.
ಎಸ್ಸೆಸ್ಸೆಲ್ಸಿ ಹುಡುಗಿ, ಹಾಲ್ ಟಿಕೆಟ್ಟಿಗೆ;
ಮಡಿಲಲ್ಲಿ ಅರ್ಧ ತಿಂದ ಸೀಬೆಹಣ್ಣು ಬಚ್ಚಿಟ್ಟುಕೊಂಡಿದ್ದಳು.
ಕತ್ತರಿಸಿದ್ದನ್ನು ಅವಳಿಗೆ ಕೊಟ್ಟೆ.
ಕತ್ತರಿಸದ್ದನ್ನು ಅಳಿಸಲಿಲ್ಲ.

ಹೀಗೇ ಆದರೆ ಹಾರ್ಡ್ ಡಿಸ್ಕು ತುಂಬುತ್ತದೆ.
ತುಂಬಲಿ.
ಅದೂ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಮಂಡಿ ಮೊಹಲ್ಲಾದಲ್ಲಿ.